ಬಾಗಿಲ ಪದ

ಉಮಾಮಹೇಶ್ವರಿಯ ಕೋಣೆಯ ಬಾಗಿಲ ಮೇಲೆ ‘ವಧುವಿನ ಕೊಠಡಿ’ ಎಂದು ಬರೆದಿತ್ತು. ಆ ಕಟ್ಟಡ ಮೊದಲು ಕಲ್ಯಾಣ ಮಂಟಪವಾಗಿತ್ತು. ಹಾರೋಹಳ್ಳಿಯ ಸುತ್ತ ಇನ್ನೂ ದೊಡ್ಡ ಮಂಟಪಗಳು ಎದ್ದ ಮೇಲೆ ಇಲ್ಲಿಗೆ ಮದುವೆಗಳು ಬರುವುದು ನಿಂತು, ಮಾಲೀಕರು ಅದನ್ನು ಒಂದು ಗಾರ್ಮೆಂಟ್ಸ್ ಕಂಪನಿಗೆ ಹಾಸ್ಟೆಲಿಗೆಂದು ಬಿಟ್ಟುಕೊಟ್ಟಿದ್ದರು. ಊಟದ ಹಾಲಿನಲ್ಲಿ ಒಂದರ ಮೇಲೊಂದು ಕಬ್ಬಿಣದ ಮಂಚಗಳು ಬಂದವು. ಹಸೆಮಣೆ ಹಾಕುತ್ತಿದ್ದ ವೇದಿಕೆಯ ಮೇಲೆ ಅಕ್ಕಿ ಮೂಟೆಗಳು ಕೂತವು. ಬಾಗಿಲ ಮೇಲಿನ ಅಕ್ಷರಗಳನ್ನು ಮಾತ್ರ ಯಾರೂ ಅಳಿಸಲಿಲ್ಲ. ನಲವತ್ತೊಂಬತ್ತು ವರ್ಷದ, ಮದುವೆಯಾಗದ ವಾರ್ಡನ್ ಆ ಕೋಣೆಯಲ್ಲಿ ನಾಲ್ಕು ವರ್ಷದಿಂದ ಒಬ್ಬಳೇ ಇದ್ದಳು. ಮೊದಮೊದಲು ಅದನ್ನು ಓದಿದಾಗ ಮುಖ ಬಿಸಿಯಾಗುತ್ತಿತ್ತು. ಆಮೇಲೆ ಕಣ್ಣಿಗೆ ಬೀಳುವುದೇ ನಿಂತಿತು.

ಅವಳು ಕೋಡಿಹಳ್ಳಿ ಕಡೆಯವಳು. ತಾಯಿ ಸೋಬಾನೆ ಪದಕ್ಕೆ ಹೆಸರಾದವಳು. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾದರೆ ಮೊದಲು ಅವಳಿಗೆ ಹೇಳಿಕಳಿಸುತ್ತಿದ್ದರು. ಮಗಳು ತಾಯಿಯ ಮಗ್ಗುಲಲ್ಲಿ ಕೂತು ಕೂತೇ ಪದ ಕಲಿತಳು. ಹದಿನಾರು ತುಂಬುವ ಹೊತ್ತಿಗೆ ಬೆರಳ ತುದಿಯಲ್ಲಿ ಬಿಳಿ ಕಲೆ ಕಾಣಿಸಿತು. ಇಪ್ಪತ್ತಕ್ಕೆ ಎರಡೂ ಕೈಗೆ, ತುಟಿಯ ಅಂಚಿಗೆ ಹಬ್ಬಿತು. ತೊನ್ನು. ನೋಡಲು ಬಂದ ಗಂಡುಗಳು ಕಾಫಿ ಲೋಟ ಚಾಚಿದ ಕೈಯನ್ನು ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಎದ್ದು ಹೋದರು. ಮದುವೆಮನೆಯವರಿಗೆ ಅವಳ ದನಿ ಬೇಕಿತ್ತು, ಮುಖ ಬೇಡವಾಗಿತ್ತು. ‘ಒಸಿ ಒಳಗಡೆ ಕುಂತ್ಕಂಡು ಹೇಳವ್ವ’ ಎನ್ನುತ್ತಿದ್ದರು. ಅವಳು ಪಾತ್ರೆ ಕೋಣೆಯಲ್ಲಿ ಕೂತು, ಗೋಡೆಗೆ ಮುಖ ಮಾಡಿ, ಕಾಣದ ಮದುಮಗಳಿಗೆ ಹಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಅದೂ ನಿಂತಿತು.

ತಮ್ಮ ಉದಯಶಂಕರ ಕನಕಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಕೆಟ್ಟವನಲ್ಲ. ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಂಡ. ಅವನ ಮಗಳಿಗೆ ಗಂಡು ನೋಡಲು ಶುರುವಾದಾಗಲೂ ಮನೆಯಲ್ಲಿ ಯಾರೂ ಒಂದು ಬಿರುಸು ಮಾತಾಡಲಿಲ್ಲ. ಗಂಡಿನ ಕಡೆಯವರು ಬರುವ ದಿನ ಮಾತ್ರ ತಮ್ಮನ ಹೆಂಡತಿ ಅಡುಗೆಮನೆಯಿಂದಲೇ, “ಅಕ್ಕಾ, ಇವತ್ತು ಒಸಿ ದೇವಸ್ಥಾನದ ಕಡೆ ಹೋಗಿದ್ದು ಬನ್ನಿ” ಎಂದಳು. ಉಮಾಮಹೇಶ್ವರಿ ದೇವಸ್ಥಾನಕ್ಕೆ ಹೋದಳು. ಸಂಜೆಯವರೆಗೆ ಅಲ್ಲೇ ಕಂಬಕ್ಕೆ ಒರಗಿ ಕೂತಳು. ಏಳುವ ಹೊತ್ತಿಗೆ, ಎಲ್ಲಾದರೂ ಕೆಲಸ ನೋಡಿಕೊಳ್ಳಬೇಕೆಂದು ತೀರ್ಮಾನಿಸಿದ್ದಳು.

ಹಾಸ್ಟೆಲಿನಲ್ಲಿ ಅರವತ್ತು ಹೆಣ್ಣುಮಕ್ಕಳಿದ್ದರು. ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯವರು. ಬೆಳಿಗ್ಗೆ ಕಂಪನಿ ಬಸ್ಸು ಬಂದು ಅವರನ್ನು ಕರೆದುಕೊಂಡು ಹೋಗುತ್ತಿತ್ತು, ಸಂಜೆ ತಂದು ಬಿಡುತ್ತಿತ್ತು. ಬಸ್ಸು ಹೋದೊಡನೆ ಗೇಟಿಗೆ ಬೀಗ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು, ವಾರಕ್ಕೆ ಹತ್ತು ಜನರಂತೆ ಸರದಿಯಲ್ಲಿ, ವಾರ್ಡನ್ ಜೊತೆಯಲ್ಲಿ ಸಂತೆಗೆ ಹೋಗಿ ಬರಬಹುದು. ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಬೀಗದ ಕೈ ಉಮಾಮಹೇಶ್ವರಿಯ ಸೊಂಟದಲ್ಲಿ. ಹುಡುಗಿಯರು ಅವಳನ್ನು ‘ಮೇಡಂ’ ಎನ್ನುತ್ತಿದ್ದರು, ಅದಕ್ಕಿಂತ ಹೆಚ್ಚು ಮಾತಿರಲಿಲ್ಲ. ಅವಳಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಇಡೀ ದಿನದಲ್ಲಿ ಅವಳೊಡನೆ ಮಾತಾಡುತ್ತಿದ್ದವಳು ಅಡುಗೆಯ ತಾಹೇರಾ ಒಬ್ಬಳೇ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಯಲ್ಲಿ ಹುಟ್ಟಿ ಹಾರೋಹಳ್ಳಿಗೆ ಸೊಸೆಯಾಗಿ ಬಂದವಳು ಅವಳು. ಸಂಜೆ ಸಾರು ಇಳಿಸಿ ಅವಳೂ ಮನೆಗೆ ಹೋದರೆ ಉಮಾಮಹೇಶ್ವರಿಗೆ ಮಾರನೆಯ ಬೆಳಗಿನವರೆಗೆ ಬಾಯಿಗೆ ಕೆಲಸವಿಲ್ಲ.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಅವಳು ವೇದಿಕೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ತನಗೇ ಗೊತ್ತಿಲ್ಲದೆ ತಾಯಿ ಹೇಳುತ್ತಿದ್ದ ರಾಗಿ ಬೀಸುವ ಪದವೊಂದು ಬಾಯಿಗೆ ಬಂದಿತ್ತು. ಎರಡು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಹಿಂದಿನಿಂದ ಯಾರೋ ಮುಂದುವರಿಸಿದರು. ಮಾತು ಬೇರೆ, ಮಟ್ಟು ಬೇರೆ, ಆದರೆ ಮೊರದ ತಾಳಕ್ಕೆ ಸರಿಯಾಗಿ ಕೂತಿತ್ತು. ತಿರುಗಿ ನೋಡಿದರೆ ಮೇಲಿನ ಮಂಚದಲ್ಲಿ ಕಾಲು ಇಳಿಬಿಟ್ಟುಕೊಂಡು ಜಾರ್ಖಂಡಿನ ಸಾಲ್ಗೆ ಕೂತಿದ್ದಳು. ಇಪ್ಪತ್ತೇಳರ ಹೆಣ್ಣು, ಸಂತಾಲ ಬುಡಕಟ್ಟಿನವಳು. ರಿಜಿಸ್ಟರಿನಲ್ಲಿ ಅವಳ ಹೆಸರು ಬರೆಯುವಾಗ ಉಮಾಮಹೇಶ್ವರಿ ಪ್ರತಿ ಸಲ ತಡವರಿಸುತ್ತಿದ್ದಳು.

ಸಾಲ್ಗೆ ಇಳಿದು ಬಂದು ಎದುರಿಗೆ ಕೂತಳು. ಕಲ್ಲು ಆರಿಸಲು ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಉಮಾಮಹೇಶ್ವರಿಯ ಕೈ ಹಿಡಿದು, ಬಿಳಿ ಕಲೆಯ ಮೇಲೆ ಹೆಬ್ಬೆರಳಿಟ್ಟು, “ದರ್ದ್?” ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಹೇರಾ, “ನೋವಾಗ್ತದಾ ಅಂತ ಕೇಳ್ತಾವ್ಳೆ ಉಮಕ್ಕಾ” ಎಂದಳು.

ಉಮಾಮಹೇಶ್ವರಿ ಇಲ್ಲವೆಂದು ತಲೆಯಾಡಿಸಿದಳು. ಸಾಲ್ಗೆ ಆಯಿತೆನ್ನುವಂತೆ ಕೈ ಬಿಟ್ಟು ಮತ್ತೆ ಕಲ್ಲು ಆರಿಸತೊಡಗಿದಳು. ಮೂವತ್ತು ವರ್ಷದಲ್ಲಿ ಯಾವಾಗಿನಿಂದ, ಯಾಕೆ, ಯಾರಿಗಿತ್ತು, ಔಷಧಿ ಏನು ಎಂದೆಲ್ಲ ಕೇಳಿದವರಿದ್ದರು. ನೋಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಅಂದಿನಿಂದ ಭಾನುವಾರದ ಮಧ್ಯಾಹ್ನಗಳು ಅವರಿಬ್ಬರದಾದವು. ಇವಳೊಂದು ಪದ, ಅವಳೊಂದು ಪದ. ಅರ್ಥ ಬೇಕಾದರೆ ತಾಹೇರಾ ಇದ್ದಳು. ಸಾಲ್ಗೆ ತನಗೆ ಬರುವ ಹರಕು ಹಿಂದಿಯಲ್ಲಿ ಹೇಳುವಳು, ತಾಹೇರಾ ಅದನ್ನು ಕನ್ನಡಕ್ಕೆ ತರುವಳು, ಜೊತೆಗೆ ತನ್ನದೂ ಒಂದಿಷ್ಟು ಸೇರಿಸುವಳು.

ಮಾರ್ಚಿನಲ್ಲಿ ಒಂದು ಬುಧವಾರ ಸಂಜೆ ಬಸ್ಸು ಇಳಿದ ಸಾಲ್ಗೆ ಹಾಲಿಗೆ ಹೋಗದೆ ಗೇಟಿನ ಒಳಬದಿಯಲ್ಲೇ ನಿಂತಳು. ಊರಲ್ಲಿ ತಾಯಿಗೆ ಹುಷಾರಿಲ್ಲ. ಹಾಸ್ಟೆಲಿನೊಳಗೆ ಫೋನಿಗೆ ಸಿಗ್ನಲ್ ಸಿಗದು, ಆಚೆ ಹುಣಸೆಮರದ ಹತ್ತಿರ ಹೋದರೆ ಸಿಗುತ್ತದೆ. ಅವಳು ಫೋನು ತೋರಿಸಿದಳು, ಮರ ತೋರಿಸಿದಳು, “ಮಾ” ಎಂದಳು. ಇದನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ.

“ಆಗಾಕಿಲ್ಲ ಕಣವ್ವ. ರೂಲ್ಸು” ಎಂದಳು ಉಮಾಮಹೇಶ್ವರಿ.

“ಕ್ಯೋಂ?”

ಉಮಾಮಹೇಶ್ವರಿ ಬೀಗ ಒತ್ತಿ ಒಳಗೆ ಹೋದಳು. ಕಿಟಕಿಯಿಂದ ನೋಡಿದರೆ ಸಾಲ್ಗೆ ಗೇಟಿನ ಸರಳು ಹಿಡಿದು ನಿಂತೇ ಇದ್ದಳು. ಊಟದ ಗಂಟೆ ಹೊಡೆಯುವವರೆಗೂ ಕದಲಲಿಲ್ಲ. ಆ ಭಾನುವಾರ ಅವಳು ವೇದಿಕೆಯ ಹತ್ತಿರ ಬರಲಿಲ್ಲ. ಉಮಾಮಹೇಶ್ವರಿ ಮೊರ ಹಿಡಿದು ಕೂತಳು, ಒಂದು ಸಾಲು ಹಾಡಿದಳು, ಕಾದಳು. ಉತ್ತರ ಬರಲಿಲ್ಲ. ಕೊನೆಗೆ ತಾನೇ ಎದ್ದು ಮಂಚದ ಹತ್ತಿರ ಹೋದಳು. ಸಾಲ್ಗೆ ಗೋಡೆಯ ಕಡೆ ತಿರುಗಿ ಮಲಗಿದ್ದವಳು ಹಾಗೇ, ಮುಖ ತೋರಿಸದೆ, ಸಣ್ಣ ದನಿಯಲ್ಲಿ ಹಾಡಿದಳು. ತಾಹೇರಾ ಕೇಳಿ ಕೇಳಿ ತಿಳಿದುಕೊಂಡು, ಈ ಸಲ ತನ್ನದೇನನ್ನೂ ಸೇರಿಸದೆ ಹೇಳಿದಳು.

“ಹೊತ್ತು ಮುಳುಗಿದ್ರೆ ನಮ್ಮವ್ವ ಕೋಳಿ ಮುಚ್ತಾಳೆ, ಹೊತ್ತು ಹುಟ್ಟಿದ್ರೆ ತೆಗೀತಾಳೆ. ನನ್ನ ಮುಚ್ಚಿದ ಕೈಗೆ ಹೊತ್ತೇ ಹುಟ್ಟಕಿಲ್ವಾ. ಇಷ್ಟೇ ಉಮಕ್ಕ. ಅವಳೇ ಕಟ್ಟವ್ಳೆ ಇದನ್ನ.”

ಉಮಾಮಹೇಶ್ವರಿಗೆ ಸಿಟ್ಟು ಬಂತು. ನಾನೇನು ಮಾಡಲಿ, ನಾನು ಹಾಕಿದ ರೂಲ್ಸಾ ಇದು ಎಂದು ಗೊಣಗಿದಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಆ ಕೋಳಿ ಅವಳ ತಲೆಯಲ್ಲಿ ಕೆದಕುತ್ತಲೇ ಇತ್ತು. ನಾಲ್ಕು ವರ್ಷದಲ್ಲಿ ತಾನು ಆಚೆ ಎಷ್ಟು ಸಲ ಹೋಗಿದ್ದೇನೆ ಎಂದು ನೆನೆಸಿಕೊಂಡಳು. ಭಾನುವಾರದ ಸಂತೆ ಬಿಟ್ಟರೆ ಎರಡು ಸಲ. ತಮ್ಮನ ಮಗಳ ಮದುವೆಗೆ ಅವನು ಪತ್ರಿಕೆ ಕೊಟ್ಟು ಕರೆದಿದ್ದ. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಇಲ್ಲೇ ಉಳಿದಿದ್ದಳು. ಅಂದು ಅವಳಿಗೆ ಯಾರೂ ಬೀಗ ಹಾಕಿರಲಿಲ್ಲ.

ಮಾರನೆಯ ಸಂಜೆ ಬಸ್ಸು ಬಂದಾಗ ಅವಳು ಗೇಟು ಮುಚ್ಚಲಿಲ್ಲ. ಸಾಲ್ಗೆಯ ರಟ್ಟೆ ಹಿಡಿದು ಹುಣಸೆಮರದವರೆಗೂ ನಡೆದಳು, ಅವಳು ತಾಯಿಯೊಡನೆ ಮಾತಾಡಿ ಮುಗಿಸುವವರೆಗೆ ಬೆನ್ನು ತಿರುಗಿಸಿ ನಿಂತಳು. ಹಿಂದಿರುಗುವಾಗ ಉಮಾಮಹೇಶ್ವರಿ ತಾನು ಕಟ್ಟಿದ್ದನ್ನು ಹಾಡಿದಳು.

*ಬೀಗದ ಕೈಯಿ ಸೊಂಟದಲ್ಲಿ, ಬೀಗದ ಒಳಗೆ ನಾನವ್ವ*
*ಯಾರ ನಾ ಕಾಯಲಿ, ನನ್ನ ಯಾರು ಕಾದಾರು*
*ಬಾಗಿಲೇ ಒಸಿ ನೀ ಹೇಳೇ*

ಸಾಲ್ಗೆಗೆ ಮಾತು ತಿಳಿಯಲಿಲ್ಲ. ಆದರೆ ಉಮಾಮಹೇಶ್ವರಿ ಹಾಡುತ್ತಾ ಬೀಗದ ಕೈಯನ್ನು ಸೊಂಟದಿಂದ ತೆಗೆದು ತೋರಿಸಿ, ಆಮೇಲೆ ತನ್ನ ಎದೆ ಮುಟ್ಟಿಕೊಂಡಳು. ಸಾಲ್ಗೆ ಎರಡು ಸಲ ಹೇಳಿಸಿಕೊಂಡು, ಮೂರನೆಯ ಸಲ ತಾನೂ ದನಿಗೂಡಿಸಿದಳು.

“ಬೀಗದ ಕೈ ನಿನ್ ತಾವೇ ಐತಲ್ಲಾ, ದಿನಾ ತೆಗೆದುಬುಡು” ಎಂದಳು ತಾಹೇರಾ, ಮರುದಿನ ವಿಷಯ ತಿಳಿದು.

“ತೆಗೀಬೋದು. ನನ್ನ ಕಳಿಸಿಬುಟ್ಟು ಇನ್ನೊಬ್ಬಳ್ನ ತರ್ತಾರೆ. ಅವಳು ಹಾಕ್ತಾಳೆ.” ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ನಂಗೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲ ಕಣೇ” ಎಂದಳು. ಅದು ನಿಜವಾದ ಕಾರಣ.

ಹೀಗೆ ಪದ ಬೆಳೆಯತೊಡಗಿತು. ಸುಲಭವಾಗಿ ಬೆಳೆಯಲಿಲ್ಲ. ಪದವೆಂದರೆ ಮೊದಲು ಕಬ್ಬಾಳಮ್ಮನನ್ನು ನೆನೆಯಬೇಕೆಂದು ಉಮಾಮಹೇಶ್ವರಿ ಪಟ್ಟು ಹಿಡಿದಳು. ತಮ್ಮಲ್ಲಿ ಊರ ಬೆಟ್ಟಕ್ಕೆ ಕೈ ಮುಗಿಯುತ್ತಾರೆ ಎಂದಳು ಸಾಲ್ಗೆ. ನಂಗೆ ಎರಡೂ ಆಗಬಹುದು, ಬೇಗ ಮುಗಿಸಿ, ಬೇಳೆ ಬೇಯುತ್ತಾ ಇದೆ ಎಂದಳು ತಾಹೇರಾ. ಮೂವರೂ ತೆರೇಸು ಹತ್ತಿದರು. ದೂರದಲ್ಲಿ ಒಂದು ಬೋಳು ಬಂಡೆಯ ಬೆಟ್ಟ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅದರ ಹೆಸರೇನೆಂದು ಸಾಲ್ಗೆ ಕೇಳಿದಳು. ಉಮಾಮಹೇಶ್ವರಿಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಆ ಬೆಟ್ಟಕ್ಕೇ ಸಾಲ್ಗೆಯ ಭಾಷೆಯಲ್ಲಿ ‘ಜೋಹಾರ್’ ಎಂದು ನಮಸ್ಕಾರ ಹೇಳಿ ಪದ ಶುರುಮಾಡುವುದೆಂದಾಯಿತು.

ಆಮೇಲೆ ಅಳತೆಯ ಜಗಳ. ಉಮಾಮಹೇಶ್ವರಿಯದು ಮೂರು ಸಾಲಿನ ಪದ, ಸಾಲ್ಗೆಯದು ಎರಡೇ ಸಾಲು. ಅದೂ ಕೊನೆಗೆ ಬರುವಾಗ ದನಿ ಇಳಿಜಾರಿನಲ್ಲಿ ಜಾರಿದಂತೆ ಕೆಳಗಿಳಿದುಬಿಡುತ್ತಿತ್ತು. ಮೂರನೆಯ ಸಾಲಿಗೆ ಏನು ಮಾಡುವುದು? ‘ದುವಾರ್ ಝಿಚ್ ಮೆ’ ಎಂದಳು ಸಾಲ್ಗೆ. ಬಾಗಿಲು ತೆಗೆ ಎಂದು ಅರ್ಥ. ತಾಹೇರಾ ಒಗ್ಗರಣೆ ಸೌಟು ಹಿಡಿದೇ, “ದರ್ವಾಜಾ ಖೋಲೋ ಆಪಾ” ಎಂದು ಅದರ ಬಾಲಕ್ಕೆ ಕಟ್ಟಿದಳು. ಆಪಾ ಅಂದರೆ ಅಕ್ಕ. ಬಾಗಿಲು ತೆಗೆಯೆಂದು ಕರೆಯುತ್ತಿರುವುದು ತನ್ನನ್ನೇ ಎಂದು ಉಮಾಮಹೇಶ್ವರಿಗೆ ಆಗ ಹೊಳೆಯಿತು. ಆದರೂ ‘ಬಾಗಿಲ ತೆಗಿಯೇ ನಮ್ಮಕ್ಕ’ ಎಂದು ಅವಳೇ ಮುಗಿಸಿದಳು. ಕೋಳಿಯ ಸಾಲನ್ನು ಕನ್ನಡಕ್ಕೆ ಕೂರಿಸಲು ಎರಡು ಭಾನುವಾರ ಹಿಡಿಯಿತು.

*ಕೋಳೀಗೂ ಬೆಳಗಾದ್ರೆ ಕದವ ತೆಗಿತಾಳೆ ಹೆತ್ತವ್ವ*
*ನಮ್ಮ ಮುಚ್ಚಿದ ಕೈಗೆ ಬೆಳಗಾಗದೇನವ್ವ*
*ಬಾಗಿಲ ತೆಗಿಯೇ ನಮ್ಮಕ್ಕ*

ಏಪ್ರಿಲ್ ಹೊತ್ತಿಗೆ ಹಾಸ್ಟೆಲಿನ ಅರವತ್ತು ಜನಕ್ಕೂ ಪದ ಬಾಯಿಗೆ ಬಂದಿತ್ತು. ಒಡಿಶಾದವರು ಒಂದು ನುಡಿ ಸೇರಿಸಿದರು, ಅಸ್ಸಾಮಿನವರು ಕೈಚಪ್ಪಾಳೆ ಸೇರಿಸಿದರು. ಬೆಳಿಗ್ಗೆ ಬಸ್ಸಿನಲ್ಲಿ ಹಾಡುತ್ತಾ ಹೋಗುವರು, ಸಂಜೆ ಹಾಡುತ್ತಾ ಬರುವರು. ಉಮಾಮಹೇಶ್ವರಿ ಬೀಗ ಹಾಕುತ್ತಾ ಕೇಳಿಸಿಕೊಳ್ಳುವಳು. ಬಸ್ಸು ತಿರುವು ದಾಟಿ ದನಿ ಅಳಿದ ಮೇಲೆ ಆ ದೊಡ್ಡ ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯುತ್ತಿತ್ತು.

ಕಂಪನಿಯಲ್ಲಿ ಸುತ್ತಲ ಹಳ್ಳಿಗಳ ಹೆಂಗಸರೂ ಇನ್ನೂರು ಜನ ಕೆಲಸಕ್ಕಿದ್ದರು. ಅವರಿಗೂ ಹಾಸ್ಟೆಲಿನವರಿಗೂ ಅಷ್ಟಕ್ಕಷ್ಟೇ. ಹಿಂದಿಯವರು ಬಂದು ನಮ್ಮ ಓವರ್‌ಟೈಮ್ ಕಿತ್ತುಕೊಂಡರು ಎಂಬ ಮಾತಿತ್ತು. ಊಟಕ್ಕೆ ಬೇರೆ ಬೇರೆ ಕೂರುತ್ತಿದ್ದರು. ಹಾಗಿರುವಾಗ ಮರಳವಾಡಿಯಿಂದ ಬರುವ ಹನುಮಂತಮ್ಮ ಎಂಬಾಕೆ ಒಂದು ದಿನ ಆ ಗುಂಪಿನ ಬಾಯಲ್ಲಿ ಕನ್ನಡ ಕೇಳಿ ತನ್ನ ಡಬ್ಬಿ ಎತ್ತಿಕೊಂಡು ಬಂದು ಪಕ್ಕದಲ್ಲೇ ಕೂತಳು. ಸಾಲು ಸಾಲಾಗಿ ಹೇಳಿಸಿಕೊಂಡಳು. ಆಮೇಲೆ ಅನ್ನದ ಕೈಯಲ್ಲೇ ಕೇಳಿದಳು.

“ಏನಿದು, ನಿಮ್ಮನ್ನ ಬೀಗ ಹಾಕಿ ಮಡಗವ್ರಾ?”

ಹಾಸ್ಟೆಲಿನವರು ಕನ್ನಡದಲ್ಲಿ ಉತ್ತರ ಹೇಳಲಾರದೆ ಮತ್ತೆ ಪದವನ್ನೇ ಹಾಡಿದರು. ಅದೇ ಉತ್ತರವಾಯಿತು.

ಮುಂದಿನ ಸೋಮವಾರ ಊಟದ ಗಂಟೆ ಮುಗಿದು ಸೈರನ್ ಕೂಗಿದರೂ ಯಾರೂ ಮಷೀನಿಗೆ ಹೋಗಲಿಲ್ಲ. ಇನ್ನೂರ ಅರವತ್ತು ಹೆಂಗಸರು ನಿಂತಲ್ಲೇ ನಿಂತು ಹಾಡಿದರು. ಹತ್ತು ನಿಮಿಷ, ಅಷ್ಟೇ. ಮುಗಿಸಿ ಕೆಲಸಕ್ಕೆ ಹೋದರು. ಮಂಗಳವಾರವೂ ಹಾಡಿದರು, ಬುಧವಾರವೂ. ಯಾರೋ ಫೋನಿನಲ್ಲಿ ಹಿಡಿದು ಹಾಕಿದ್ದು ಊರೂರು ಸುತ್ತಿ, ಮುಂದಿನ ವಾರ ರಾಮನಗರದಿಂದ ಒಬ್ಬ ಅಧಿಕಾರಿ ಬಂದರು. ದುಡಿಯುವ ಹೆಂಗಸರನ್ನು ಹೀಗೆ ಕೂಡಿಹಾಕಲು ಯಾವ ಕಾಗದದಲ್ಲಿ ಬರೆದಿದೆ, ತೋರಿಸಿ ಎಂದು ಕೇಳಿದರು. ತೋರಿಸಲು ಕಾಗದವೇ ಇರಲಿಲ್ಲ.

ಈ ಎಲ್ಲವೂ ನಡೆದಾಗ ಉಮಾಮಹೇಶ್ವರಿ ಅಲ್ಲಿರಲಿಲ್ಲ. ಎಲ್ಲವನ್ನೂ ಹುಡುಗಿಯರಿಂದ ಕೇಳಿ ತಾಹೇರಾ ಹೇಳಿದ್ದು. ಉಮಾಮಹೇಶ್ವರಿ ಕಣ್ಣಾರೆ ಕಂಡದ್ದು ಕಂಪನಿಯ ಆಡಳಿತ ನೋಡಿಕೊಳ್ಳುವ ಶಿವಕುಮಾರ್ ಹಾಸ್ಟೆಲಿಗೆ ಬಂದು ಅವಳೆದುರು ಕುರ್ಚಿ ಎಳೆದು ಕೂತದ್ದನ್ನು ಮಾತ್ರ.

“ಈ ಹಾಡು ಯಾರು ಬರೆದಿದ್ದು ಉಮಾ ಮೇಡಂ?”

“ನಾನೇ ಸಾರ್. ಅಂದ್ರೆ ನಾನು, ಸಾಲ್ಗೆ, ತಾಹೇರಾ. ಯಾವ ಸಾಲು ಯಾರ್ದು ಅಂತ ಈಗ ನಂಗೂ ಸರಿಯಾಗಿ ಗೊತ್ತಾಗಲ್ಲ.”

ಅವನು ಕೂಗಾಡಲಿಲ್ಲ. ದಣಿದಿದ್ದ. “ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವರ ಅಪ್ಪ ಅಮ್ಮಂಗೆ ಉತ್ತರ ಹೇಳೋನು ನಾನು. ನಾನೂ ಹೆಣ್ಣುಮಕ್ಕಳ ತಂದೆ. ನೀವು ನಮ್ಮ ಕಡೆಯವರು ಅಂದ್ಕೊಂಡಿದ್ದೆ.”

“ನಾನೂ ಅಂಗೇ ಅಂದ್ಕಂಡಿದ್ದೆ ಸಾರ್.”

ಅವನು ಬೀಗದ ಕೈ ಇಸಿದುಕೊಂಡ. ಇನ್ನು ಮೇಲೆ ಗೇಟಿಗೆ ಸೆಕ್ಯೂರಿಟಿಯವರು ಇರುತ್ತಾರೆ, ದಿನವೂ ರಾತ್ರಿ ಎಂಟರವರೆಗೆ ಓಡಾಡಬಹುದು, ಭಾನುವಾರ ಪೂರ್ತಿ ತೆಗೆದಿರುತ್ತದೆ ಎಂದ. ಅವಳ ಕಾಂಟ್ರಾಕ್ಟು ಬರುವ ಮಾರ್ಚಿಗೆ ಮುಗಿಯುತ್ತದೆ, ಆಮೇಲೆ ನೋಡೋಣ ಎಂದೂ ಹೇಳಿದ. ಅವನು ಹೋದ ಮೇಲೂ ಅವಳ ಕೈ ಆಗಾಗ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿತ್ತು.

ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೇಟು ತೆರೆಯಿತು. ಹುಡುಗಿಯರು ತಲೆಗೆ ಹೂ ಮುಡಿದು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೊರಟರು. ಕೆಲವರು ಕನಕಪುರಕ್ಕೆ, ಕೆಲವರು ಬೆಂಗಳೂರಿಗೆ, ಕೆಲವರು ಹನುಮಂತಮ್ಮನ ಮನೆಗೆ ಊಟಕ್ಕೆ. ಸಾಲ್ಗೆ ಬಾಗಿಲಲ್ಲಿ ನಿಂತು ಉಮಾಮಹೇಶ್ವರಿಯನ್ನೂ ಕರೆದಳು, ಸೆರಗು ಹಿಡಿದು ಎಳೆದಳು.

“ಹೋಗ್ಬುಟ್ಟು ಬಾ ಕಣವ್ವ. ನಂಗೆ ಅಕ್ಕಿ ಮಾಡದೈತೆ” ಎಂದಳು ಉಮಾಮಹೇಶ್ವರಿ.

ಅಕ್ಕಿ ಹನ್ನೊಂದಕ್ಕೆಲ್ಲ ಮುಗಿಯಿತು. ತಾಹೇರಾಗೂ ಅಂದು ರಜೆ, ಉಣ್ಣುವವರೇ ಇಲ್ಲವಲ್ಲ. ಅರವತ್ತು ಮಂಚಗಳ ನಡುವೆ ಅವಳು ಅತ್ತಿಂದಿತ್ತ ನಡೆದಳು. ಒಂದು ದಿಂಬಿನ ಮೇಲೆ ಬಾಚಣಿಗೆ, ಒಂದು ಸರಳಿಗೆ ಒಣಗಲು ಹಾಕಿದ ದುಪ್ಪಟ್ಟ. ಹಾಡಬೇಕೆನಿಸಿ ಒಂದು ಸಾಲು ಎತ್ತಿಕೊಂಡಳು. ಖಾಲಿ ಹಾಲಿನಲ್ಲಿ ದನಿ ಗೋಡೆಗೆ ಬಡಿದು ಹಿಂದಕ್ಕೆ ಬಂತು. ನಿಲ್ಲಿಸಿದಳು. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಸರಿಯಾದದ್ದು ತನ್ನ ಭಾನುವಾರಗಳನ್ನು ಹೀಗೆ ಬರಿದು ಮಾಡೀತೆಂದು ಅವಳು ಎಣಿಸಿರಲಿಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಅದೇ ಕಷ್ಟವಾಗಿತ್ತು.

ಜೂನಿನಲ್ಲಿ ಸಾಲ್ಗೆ ಕೆಲಸ ಬಿಟ್ಟಳು. ತಾಯಿಗೆ ನಡೆಯಲು ಆಗುತ್ತಿಲ್ಲ, ನೋಡಿಕೊಳ್ಳುವವರಿಲ್ಲ. ಅವಳ ಕಡೆಯವರೇ ಇನ್ನಿಬ್ಬರಿದ್ದರು, ಅವರೂ ಜೊತೆಗೆ ಹೊರಟರು. ಉಮಾಮಹೇಶ್ವರಿ ಹಾರೋಹಳ್ಳಿ ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದು ನಡೆದಳು. ಹೇಳಬೇಕಾದ್ದು ಬಹಳವಿತ್ತು. ತಾಹೇರಾಳನ್ನು ಕರೆತರಬೇಕಿತ್ತು ಎಂದು ಅಲ್ಲಿಗೆ ಹೋದ ಮೇಲೆ ನೆನಪಾಯಿತು. ಬಸ್ಸು ಬಂದಾಗ ಸಾಲ್ಗೆ ಅವಳ ಎರಡೂ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಸುತ್ತ ಜನ ನೋಡುತ್ತಿದ್ದರು. ಉಮಾಮಹೇಶ್ವರಿ ಕೈ ಎಳೆದುಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಹುಣಸೆಮರದ ಹತ್ತಿರ ನಿಂತಿದ್ದಾಗ ಉಮಾಮಹೇಶ್ವರಿಯ ಫೋನಿಗೆ ಸಾಲ್ಗೆಯ ದನಿ ಬಂತು. ಮಾತಿಲ್ಲ, ಬರೀ ಪದ. ಬಾಗಿಲ ಪದದ ಮಟ್ಟಿನಲ್ಲೇ ಹೊಸ ನುಡಿಯೊಂದನ್ನು ಹಾಡಿ ಕಳಿಸಿದ್ದಳು. ಹಿಂದೆ ಕೋಳಿಗಳ ಸದ್ದು, ಮಳೆ ಬಿದ್ದಂಥ ಸದ್ದು. ಉಮಾಮಹೇಶ್ವರಿ ಅಡುಗೆಮನೆಗೆ ಓಡಿದಳು. ತಾಹೇರಾ ಫೋನನ್ನು ಕಿವಿಗಿಟ್ಟು ಮೂರು ಸಲ ಕೇಳಿ ತಲೆಯಾಡಿಸಿದಳು.

“ಇದರಲ್ಲಿ ಹಿಂದಿ ಒಂದ್ ಮಾತೂ ಇಲ್ಲ ಉಮಕ್ಕ. ಎಲ್ಲಾ ಅವಳ ಭಾಷೆ. ಅವಳು ಹೇಳಿದ್ರೆ ತಾನೆ ನಾನು ನಿಂಗೆ ಹೇಳದು?”

“ಸಂತೋಷದ್ದಾ, ದುಃಖದ್ದಾ, ಅಷ್ಟಾದ್ರೂ ಗೊತ್ತಾಗಕಿಲ್ವಾ?”

“ಹೆಂಗ್ ಹೇಳ್ಲಿ? ನಿಮ್ಮಿಬ್ರದೂ ಎಲ್ಲಾ ಪದಾನೂ ಒಂದೇ ತರ ಕೇಳಿಸ್ತದೆ.”

ಹಾಸ್ಟೆಲಿನಲ್ಲಿ ಆ ಭಾಷೆ ಬಲ್ಲವರು ಈಗ ಯಾರೂ ಉಳಿದಿರಲಿಲ್ಲ. ತಾಹೇರಾಳಿಂದ ಫೋನು ಮಾಡಿಸಿ ಹಿಂದಿಯಲ್ಲಿ ಅರ್ಥ ಕೇಳಬಹುದಿತ್ತು. ಆದರೆ ತನಗೆಂದೇ ಹಾಡಿ ಕಳಿಸಿದ್ದನ್ನು ಮೊದಲು ತಾನೇ ಹಾಡಿ ನೋಡಬೇಕೆನ್ನಿಸಿತು. ಉಮಾಮಹೇಶ್ವರಿ ವೇದಿಕೆಯ ಮೆಟ್ಟಿಲ ಮೇಲೆ ಕೂತು, ಕೇಳಿಸಿದ ಹಾಗೆ ಒಂದೊಂದೇ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಕೆಲವು ಕಡೆ ಗಂಟಲಲ್ಲೇ ನಿಂತುಬಿಡುವ ಸದ್ದಿಗೆ ಅಕ್ಷರವೇ ಸಿಗದೆ ಒಂದು ಚುಕ್ಕೆ ಇಟ್ಟಳು. ಎರಡು ದಿನದಲ್ಲಿ ಪೂರ್ತಿ ಬಾಯಿಗೆ ಬಂತು. ಏನು ಹಾಡುತ್ತಿದ್ದೇನೆಂದು ತಿಳಿಯದೆಯೇ ಹಾಡಿದಳು. ಹಾಡುತ್ತಾ ಹಾಡುತ್ತಾ, ಇದಕ್ಕೆ ಉತ್ತರ ಹೀಗಿದ್ದರೆ ಸರಿ ಎನ್ನಿಸಿದ ಮೂರು ಸಾಲು ತಾನಾಗಿ ಕೂಡಿಕೊಂಡವು. ಹುಣಸೆಮರದ ಬುಡಕ್ಕೆ ಹೋಗಿ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು, ಗುಂಡಿ ಒತ್ತಿ, ಮೊದಲು ಅವಳ ನುಡಿಯನ್ನು, ಆಮೇಲೆ ತನ್ನದನ್ನು ಹಾಡಿ ಕಳಿಸಿದಳು.

ಗೇಟಿನ ಹತ್ತಿರ ನೀರಿನ ಟ್ಯಾಂಕರಿನವನು ಹಾರ್ನ್ ಹೊಡೆಯುತ್ತಿದ್ದ. ಅವಳು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು, ಸಂಪಿನ ಮುಚ್ಚಳ ತೆಗೆಯಲು ಎದ್ದಳು.